ಕನ್ನಡ ತೆರೆಯ ಮೊದಲ ಇಂದ್ರಜಿತು

ಕೇಳುಗರಿಗೆ ನಮಸ್ಕಾರ.

1934ರ ಮಾರ್ಚ್ 3ರಂದು ಬೆಂಗಳೂರಿನ ಸಿಟಿ ಮಾರುಕಟ್ಟೆಯ ಸಮೀಪದ ಪ್ಯಾರಾಮೌಂಟ್ ಚಿತ್ರಮಂದಿರದಲ್ಲಿ ‘ಸತಿ ಸುಲೋಚನ’ ತೆರೆಕಂಡಿತು. ಬಿಡುಗಡೆಯಾದ ಮೊದಲ ಕನ್ನಡ ಮಾತಿನ ಚಿತ್ರ ಅದು. ಅದರಲ್ಲಿ ಇಂದ್ರಜಿತುವಾಗಿ ಅಭಿನಯಿಸಿದವರು ಎಂ.ವಿ. ಸುಬ್ಬಯ್ಯನಾಯ್ಡು. ಕನ್ನಡ ವಾಕ್ಚಿತ್ರದ ಮೊದಲ ನಾಯಕನಟ ಯಾರೆಂದು ಕೇಳಿದರೆ ಥಟ್ಟನೆ ಈ ಹೆಸರು ಹೇಳುವವರು ನಮ್ಮ ನಡುವೆ ಕಡಿಮೆ; ನಟ ಲೋಕೇಶರ ತಂದೆ ಎಂದಾಗ ಮಾತ್ರ ಕೆಲವರಿಗೆ ಗುರುತು ಸಿಗುತ್ತದೆ.

ನಾಯ್ಡು ಅವರು ವೃತ್ತಿರಂಗಭೂಮಿಯಲ್ಲಿ ಪಳಗಿದ ನಟರು. ಆರ್. ನಾಗೇಂದ್ರರಾಯರೊಡನೆ ಸೇರಿ ಶ್ರೀ ಸಾಹಿತ್ಯ ಸಾಮ್ರಾಜ್ಯ ನಾಟಕ ಮಂಡಳಿಯನ್ನು ಕಟ್ಟಿದವರು. ಧ್ವನಿವರ್ಧಕವಿಲ್ಲದ ಆ ಕಾಲದ ನಾಟಕಗಳಲ್ಲಿ, ಹಾರ್ಮೋನಿಯಂ ಹಿಡಿದ ಶ್ರುತಿಯ ಮೇಲೆ ಕಂದಪದ್ಯವನ್ನು ಎತ್ತಿಕೊಂಡರೆ ಅದು ಕಟ್ಟಕಡೆಯ ಸಾಲಿನಲ್ಲಿ ಕುಳಿತವನಿಗೂ ಅಕ್ಷರ ಅಕ್ಷರವಾಗಿ ಕೇಳಬೇಕಿತ್ತು. ‘ಒನ್ಸ್ ಮೋರ್’ ಎಂಬ ಕೂಗು ಬಂದರೆ, ಆಗತಾನೇ ರಣರಂಗದಲ್ಲಿ ಬಿದ್ದ ವೀರನೂ ಎದ್ದು ನಿಂತು ಹಾಡನ್ನು ಮತ್ತೊಮ್ಮೆ ಹಾಡಿ, ಮತ್ತೊಮ್ಮೆ ಬೀಳುತ್ತಿದ್ದ.

ಅಂಥ ರಂಗದಿಂದ ಬಂದ ನಟರು ‘ಸತಿ ಸುಲೋಚನ’ಕ್ಕಾಗಿ ಕೊಲ್ಹಾಪುರದ ಸ್ಟುಡಿಯೋದಲ್ಲಿ ಮೈಕಿನ ಮುಂದೆ ನಿಂತರು. ನಿರ್ದೇಶಕರು ವೈ.ವಿ. ರಾವ್, ಸಂಭಾಷಣೆ ಮತ್ತು ಹಾಡುಗಳು ಬೆಳ್ಳಾವೆ ನರಹರಿ ಶಾಸ್ತ್ರಿಗಳವು, ರಾವಣನ ಪಾತ್ರದಲ್ಲಿ ನಾಗೇಂದ್ರರಾಯರು, ಸುಲೋಚನೆಯಾಗಿ ತ್ರಿಪುರಾಂಬ. ಹಿನ್ನೆಲೆ ಗಾಯನದ ಪದ್ಧತಿ ಇನ್ನೂ ಬಂದಿರಲಿಲ್ಲವಾದ್ದರಿಂದ, ಕ್ಯಾಮೆರಾ ಓಡುತ್ತಿರುವಾಗಲೇ ನಟನೇ ಹಾಡಬೇಕು, ವಾದ್ಯಗಾರರು ಚೌಕಟ್ಟಿನ ಹೊರಗೆ ಕುಳಿತು ನುಡಿಸಬೇಕು, ಒಬ್ಬರು ತಪ್ಪಿದರೂ ಎಲ್ಲವನ್ನೂ ಮೊದಲಿನಿಂದ ಆರಂಭಿಸಬೇಕು. ಎದುರಿಗೆ ಚಪ್ಪಾಳೆಯೂ ಇಲ್ಲ, ಕೂಗೂ ಇಲ್ಲ. ಊರಗಲಕ್ಕೆ ಹರಡುವಂತೆ ಬೆಳೆಸಿದ ದನಿಯನ್ನು ಕೆಲವೇ ಅಡಿ ದೂರದ ಯಂತ್ರಕ್ಕೆ ಒಗ್ಗಿಸಿಕೊಳ್ಳುವುದು ನಡುವಯಸ್ಸಿನತ್ತ ಸಾಗಿದ್ದ ನಟನಿಗೆ ಸಣ್ಣ ಸಾಹಸವಲ್ಲ, ಅದನ್ನು ನಾವು ಸಾಕಷ್ಟು ಗೌರವಿಸಿಲ್ಲ ಎಂದೇ ನನ್ನ ಭಾವನೆ. ಆ ಚಿತ್ರದ ಪ್ರತಿ ಇಂದು ಉಳಿದಿಲ್ಲ. ಪ್ಯಾರಾಮೌಂಟ್ ಕಟ್ಟಡವೂ ಇಲ್ಲ. ಮಾರುಕಟ್ಟೆಯ ಕಡೆಗೆ ಹೋದಾಗಲೆಲ್ಲ, ಹೂವಿನ ಮೂಟೆಗಳ ನಡುವೆ ದಾರಿ ಮಾಡಿಕೊಳ್ಳುತ್ತಾ, ಆ ದನಿ ಇಲ್ಲೇ ಎಲ್ಲೋ ಮೊಳಗಿತ್ತಲ್ಲ ಎಂದು ನನಗೆ ಅನಿಸುತ್ತದೆ.

ಮುಂದೆ ಮಂಡಳಿಯ ‘ಭೂಕೈಲಾಸ’ ನಾಟಕವು 1940ರಲ್ಲಿ ತೆಲುಗಿನಲ್ಲಿ ಚಲನಚಿತ್ರವಾಯಿತು. ಅದರಲ್ಲಿ ನಾಯ್ಡು ಅವರು ರಾವಣ, ನಾಗೇಂದ್ರರಾಯರು ನಾರದ. ಆತ್ಮಲಿಂಗವನ್ನು ಪಡೆದೂ ಕಳೆದುಕೊಳ್ಳುವ ಈ ರಾವಣನ ಕಥೆ ಗೋಕರ್ಣದ ನೆಲಕ್ಕೆ ಸೇರಿದ್ದು. ಕನ್ನಡ ರಂಗದಲ್ಲಿ ಹುರಿಗೊಂಡ ಪಾತ್ರವನ್ನು ಕನ್ನಡದ ನಟರೇ ಇನ್ನೊಂದು ಭಾಷೆಯ ಪ್ರೇಕ್ಷಕರಿಗೆ ತಲುಪಿಸಿದರು. ಮರುವರ್ಷ ಬಂದ ‘ವಸಂತಸೇನಾ’ದಲ್ಲಿ ಅವರು ಚಾರುದತ್ತ. ಇಂದ್ರಜಿತು, ರಾವಣರ ಅಬ್ಬರದಿಂದ, ದಾನ ಮಾಡಿಯೇ ಬಡವನಾದ ಸೌಮ್ಯ ಗೃಹಸ್ಥನ ಪಾತ್ರಕ್ಕೆ ಬಂದದ್ದು ದೊಡ್ಡ ತಿರುವು. ಕಥೆಯ ಖಳನಾದ ಶಕಾರನಾಗಿ ನಾಗೇಂದ್ರರಾಯರು ನಗಿಸಿ ಮೆಚ್ಚುಗೆ ಗಳಿಸಿದರು. ಆದರೆ ಶಕಾರನ ಹುಚ್ಚಾಟ ಕಾಣಬೇಕಾದರೆ ಎದುರಿಗೆ ಚಾರುದತ್ತನ ಸೌಜನ್ಯ ನಿಲ್ಲಲೇಬೇಕು. 1943ರಲ್ಲಿ ‘ಸತ್ಯ ಹರಿಶ್ಚಂದ್ರ’, 1947ರಲ್ಲಿ ‘ಮಹಾತ್ಮ ಕಬೀರ್’ ಬಂದವು.

1954ರಲ್ಲಿ ‘ಬೇಡರ ಕಣ್ಣಪ್ಪ’ನೊಂದಿಗೆ ಕನ್ನಡಕ್ಕೆ ರಾಜ್‌ಕುಮಾರ್ ಎಂಬ ಹೊಸ ನಾಯಕನಟ ಬಂದಾಗ, ಜನರ ಗಮನ ಸಹಜವಾಗಿ ಅತ್ತ ಹೊರಳಿತು. 1958ರ ‘ಭಕ್ತ ಪ್ರಹ್ಲಾದ’ದಲ್ಲಿ ನಾಯ್ಡು ಅವರು ತಮ್ಮ ಮಗ ಲೋಕೇಶನನ್ನು ಬಾಲನಟನಾಗಿ ತೆರೆಗೆ ತಂದರು. ನಾಲ್ಕು ವರ್ಷಗಳ ಬಳಿಕ, 1962ರಲ್ಲಿ, ಅವರು ತೀರಿಕೊಂಡರು. ಆ ಬಾಲಕ ಬೆಳೆದು, 1974ರಲ್ಲಿ ‘ಭೂತಯ್ಯನ ಮಗ ಅಯ್ಯು’ ಚಿತ್ರದ ಅಯ್ಯು ಆಗಿ, ದನಿಯನ್ನು ಎತ್ತರಿಸದೆ, ಬರಿಯ ನೋಟದಿಂದಲೇ ಚಿತ್ರಮಂದಿರವನ್ನು ಮೌನವಾಗಿಸಿದರು. ತಂದೆ ಮೊದಲ ಬಾರಿಗೆ ಎದುರಿಸಿದ ಆ ಮೈಕಿಗೆ ಮಗ ಪಿಸುಮಾತನ್ನೂ ಒಪ್ಪಿಸಬಲ್ಲವರಾಗಿದ್ದರು.