ಹೊರಗೊಂದು, ಒಳಗೊಂದು: ‘ಬಿಲೈ’ ಎಂಬ ಕ್ರಿಯಾಪದ

ಕೇಳುಗರಿಗೆ ನಮಸ್ಕಾರ.

ಇವತ್ತು ಇಂಗ್ಲಿಷಿನ ‘ಬಿಲೈ’ ಎಂಬ ಕ್ರಿಯಾಪದದ ಬಗ್ಗೆ ಮಾತಾಡೋಣ. ಅಕ್ಷರ ಹೇಳುತ್ತೇನೆ, ಬರೆದುಕೊಳ್ಳಿ: ಬಿ, ಇ, ಎಲ್, ಐ, ಇ. ಒತ್ತು ಕೊನೆಯ ‘ಲೈ’ ಮೇಲೆ. ಮಾತಿನಲ್ಲಿ ಇದು ಅಪರೂಪ. ಸಂಪಾದಕೀಯ, ಪುಸ್ತಕ ವಿಮರ್ಶೆ, ಇಂಥ ಕಡೆ ಜಾಸ್ತಿ.

ಮುಸ್ಸಂಜೆ ಪಡುವಣದಲ್ಲಿ ಶುಕ್ರ ಗ್ರಹ ಕಾಣಿಸುತ್ತದಲ್ವಾ? ಹಳ್ಳಿಗಳಲ್ಲಿ ಬೆಳ್ಳಿ ಅನ್ನುತ್ತಾರಲ್ಲ, ಅದೇ. ತಣ್ಣಗೆ ಹೊಳೆಯುತ್ತಿರುತ್ತದೆ. ಆದರೆ ಅದರ ನೆಲದ ಬಿಸಿ ಸುಮಾರು 465 ಡಿಗ್ರಿ ಸೆಲ್ಸಿಯಸ್. ಸೀಸವೂ ಅಲ್ಲಿ ಕರಗಿಬಿಡುತ್ತದೆ. ಆ ತಂಪು ಹೊಳಪು ಈ ಬಿಸಿಯನ್ನು ‘ಬಿಲೈ’ ಮಾಡುತ್ತದೆ. ಅಂದರೆ, ನಿಜಕ್ಕೆ ಉಲ್ಟಾ ಆದದ್ದನ್ನು ತೋರಿಸಿ ನಮ್ಮನ್ನು ನಂಬಿಸುತ್ತದೆ.

ಇನ್ನೊಂದು ಬಳಕೆ ಇದೆ. ಬೆಲೆ ಏರಿಲ್ಲ ಅಂತ ಯಾರೋ ಹೇಳುತ್ತಾರೆ. ಅಂಗಡಿಯ ಬಿಲ್ಲು ನೋಡಿದರೆ ಏರಿದೆ. ಆಗ ಬಿಲ್ಲು ಆ ಮಾತನ್ನು ‘ಬಿಲೈ’ ಮಾಡಿತು, ಸುಳ್ಳು ಅಂತ ತೋರಿಸಿಕೊಟ್ಟಿತು. ಸ್ವಲ್ಪ ಗಮನಿಸಿ. ಶುಕ್ರನ ವಾಕ್ಯದಲ್ಲಿ ಕರ್ತೃವೇ ಸುಳ್ಳು, ಕರ್ಮ ನಿಜ. ಬಿಲ್ಲಿನ ವಾಕ್ಯದಲ್ಲಿ ಕರ್ತೃ ನಿಜ, ಕರ್ಮ ಸುಳ್ಳು. ಒಂದೇ ಪದ ಎರಡು ದಿಕ್ಕಿಗೂ ಕೆಲಸ ಮಾಡುತ್ತದೆ. ನನಗೆ ಈ ಪದ ಇಷ್ಟವಾಗುವುದೇ ಇದಕ್ಕೆ.

ಹಳೆಯ ಇಂಗ್ಲಿಷಿನಲ್ಲಿ ಇದರ ಬೇರು ‘ಸುಳ್ಳು ಹೇಳು’ ಅನ್ನುವುದೇ. ಒಂದು ಕಾಲಕ್ಕೆ ಒಬ್ಬರ ಮೇಲೆ ಅಪವಾದ ಹೊರಿಸುವುದಕ್ಕೂ ಹೀಗೆ ಅನ್ನುತ್ತಿದ್ದರು. ಷೇಕ್ಸ್‌ಪಿಯರನ ‘ಒಥೆಲೊ’ ನಾಟಕದಲ್ಲಿ, ತೀರಿಹೋದ ಹೆಂಡತಿ ಡೆಸ್ಡೆಮೋನಾಳ ಶೀಲವನ್ನು ಒಥೆಲೊ ಹಳಿದಾಗ, ಆಕೆಯ ಸೇವಕಿ ಎಮಿಲಿಯಾ ಇದೇ ಪದ ಬಳಸಿ ಅವನ ಮೇಲೆ ಎರಗುತ್ತಾಳೆ. ಈಗ ಆ ಅರ್ಥ ಹಳತಾಗಿದೆ. ಇವತ್ತಿನ ವಾಕ್ಯಗಳಲ್ಲಿ ಕರ್ತೃ ಸಾಮಾನ್ಯವಾಗಿ ಮನುಷ್ಯನಲ್ಲ. ಮುಖ, ದನಿ, ಅಂಕಿಅಂಶ, ನಡವಳಿಕೆ, ಇಂಥವೇ.

ಒಂದು ತಪ್ಪು ಮಾತ್ರ ದಯವಿಟ್ಟು ಮಾಡಬೇಡಿ. ‘ಕೈನಡುಕ ಅವನ ಭಯವನ್ನು ಬಿಲೈ ಮಾಡಿತು’ ಅಂತ ಬರೆಯುವವರಿದ್ದಾರೆ. ನಡುಕ ಭಯವನ್ನು ಬಯಲು ಮಾಡಿತು ತಾನೇ? ಅದು ನಿಜವನ್ನೇ ಹೇಳಿತು. ಅಲ್ಲಿಗೆ ಬಯಲು ಮಾಡು ಅನ್ನುವ ಅರ್ಥದ ಇಂಗ್ಲಿಷ್ ಪದ ‘ಬಿಟ್ರೇ’ ಬೇಕು. ‘ನಗುಮುಖ ಭಯವನ್ನು ಬಿಲೈ ಮಾಡಿತು’ ಅಂದರೆ ಸರಿ. ಇದು ಸಣ್ಣ ವಿಷಯವಲ್ಲ, ಅರ್ಥವೇ ತಿರುಗಿಬಿಡುತ್ತದೆ.

ನಮ್ಮ ದೇಶದ ಇಂಗ್ಲಿಷ್ ಪತ್ರಿಕೆಗಳಲ್ಲಿ, ಮುಂಗಾರು ರೈತರ ನಿರೀಕ್ಷೆಯನ್ನು ‘ಬಿಲೈಡ್’ ಅಂತಲೂ ಓದಿರುತ್ತೀರಿ. ನಿರೀಕ್ಷೆ ಹುಸಿಯಾಯಿತು ಅನ್ನುತ್ತೇವಲ್ಲ, ಅದೇ ಅರ್ಥ. ಅದನ್ನು ತಪ್ಪು ಅನ್ನಲಾರೆ. ಇನ್ನು ‘ಬಿಲೈಯಿಂಗ್’ ಬರೆಯುವಾಗ ಕೊನೆಯ ಐ, ಇ ಹೋಗಿ ವೈ ಬರುತ್ತದೆ, ‘ಲೈಯಿಂಗ್’ ಬರೆಯುವ ಹಾಗೆಯೇ.

ನಮಸ್ಕಾರ.