ಮುಟ್ಟದ ಚೆಂಡು ಯಾರದ್ದು?

ಈ ದೃಶ್ಯವನ್ನು ಸ್ವಲ್ಪ ನಿಧಾನವಾಗಿ ನೋಡಿ. 2021ರ ಜನವರಿ 17, ಕಾನ್ಸಾಸ್ ಸಿಟಿಯ ಆರೋಹೆಡ್ ಸ್ಟೇಡಿಯಂ, ಅಮೆರಿಕನ್ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನ ಪ್ಲೇಆಫ್, ಅಂದರೆ ಸೋತವರು ಮನೆಗೆ ಹೋಗುವ ಪಂದ್ಯ. ಆತಿಥೇಯ ತಂಡ ಚೀಫ್ಸ್ 16, ಎದುರಾಳಿ ಬ್ರೌನ್ಸ್ 3. ಮೊದಲರ್ಧ ಮುಗಿಯುತ್ತಾ ಬಂದಿದೆ. ಬ್ರೌನ್ಸ್‌ನ ರಶಾರ್ಡ್ ಹಿಗ್ಗಿನ್ಸ್ ಚೆಂಡು ಹಿಡಿದು ಗೋಲ್ ಗೆರೆಯ ಮೂಲೆಗೆ ಜಿಗಿಯುತ್ತಾರೆ. ಚೀಫ್ಸ್‌ನ ಡೇನಿಯಲ್ ಸೊರೆನ್ಸನ್ ಬಂದು ಗುದ್ದುತ್ತಾರೆ, ಹೆಲ್ಮೆಟ್ಟಿಗೆ ಹೆಲ್ಮೆಟ್. ಗೆರೆ ದಾಟುವ ಮೊದಲೇ ಚೆಂಡು ಕೈಜಾರಿ, ಎಂಡ್ ಝೋನ್‌ಗೆ (ಗೋಲ್ ಗೆರೆಯ ಆಚೆಗಿನ, ಅಂಕ ಸಿಗುವ ಜಾಗ) ಹೋಗಿ ಮೈದಾನದ ಹೊರಗೆ ಬೀಳುತ್ತದೆ.

ಚೀಫ್ಸ್ ಕಡೆಯವರು ಯಾರೂ ಆ ಚೆಂಡನ್ನು ಹಿಡಿದಿಲ್ಲ. ಆದರೂ ಚೆಂಡು ಅವರಿಗೇ, ಅದೂ 20 ಯಾರ್ಡ್ ಗೆರೆಯಲ್ಲಿ. ಕೈಜಾರಿದ ಚೆಂಡು ಎದುರಾಳಿಯ ಎಂಡ್ ಝೋನ್ ಮೂಲಕ ಹೊರಗೆ ಹೋದರೆ ಅದು ಎದುರಾಳಿಗೇ ಅನ್ನುವುದು ನಿಯಮ; ಇದಕ್ಕೆ ಟಚ್‌ಬ್ಯಾಕ್ ಅಂತಾರೆ. ಮೊದಲರ್ಧ ಮುಗಿಯುವಷ್ಟರಲ್ಲೇ ಅವರು ಫೀಲ್ಡ್ ಗೋಲ್ (ಚೆಂಡು ಒದ್ದು ಗಳಿಸುವ 3 ಅಂಕ) ಹೊಡೆದು 19-3 ಮಾಡಿದರು. ಕೊನೆಗೆ ಬ್ರೌನ್ಸ್ ಸೋತಿದ್ದು 22-17ರಲ್ಲಿ. ಆ ಗುದ್ದಿಗೆ ಪೆನಾಲ್ಟಿ ಕೂಡ ಸಿಗಲಿಲ್ಲ, ಅದು ಇನ್ನೊಂದು ನೋವು.

ನನ್ನ ತಕರಾರು ಇಷ್ಟೇ. ಅದೇ ಚೆಂಡು ಗೋಲ್ ಗೆರೆಗೆ ಒಂದಡಿ ಮೊದಲು ಪಕ್ಕದ ಗೆರೆ ದಾಟಿದ್ದರೆ? ಬ್ರೌನ್ಸ್ ಬಳಿಯೇ ಉಳಿಯುತ್ತಿತ್ತು. ಕೈಜಾರಿದ ಜಾಗದಿಂದಲೇ ಮುಂದಿನ ಆಟ. ತಪ್ಪು ಒಂದೇ, ಶಿಕ್ಷೆ ಮಾತ್ರ ಭೂಮಿ-ಆಕಾಶ ವ್ಯತ್ಯಾಸ. ಚೆಂಡು ಉರುಳುವ ದಿಕ್ಕು ಯಾರ ಕೈಯಲ್ಲೂ ಇಲ್ಲ, ಅಲ್ವಾ?

ಇದು ಚೀಫ್ಸ್ ಮೇಲಿನ ಸಿಟ್ಟು ಅಲ್ಲ. 2024ರ ಜನವರಿಯಲ್ಲಿ ಬಫಲೋ ಬಿಲ್ಸ್ ಎದುರು ಅವರದೇ ಮೆಕೋಲ್ ಹಾರ್ಡ್‌ಮನ್ ಕೈಯಿಂದ ಚೆಂಡು ಹೀಗೇ ಹೋಯಿತು. ಅವತ್ತು ಚೀಫ್ಸ್ 27-24ರಲ್ಲಿ ಗೆದ್ದರು ನಿಜ. ಆದರೂ ಆ ಕ್ಷಣ ನನಗೆ ಅನ್ಯಾಯ ಅಂತಲೇ ಅನ್ನಿಸಿತು.

ನಿಯಮದ ಪರ ಇರುವವರ ಮಾತನ್ನು ಸುಮ್ನೆ ತಳ್ಳಿಹಾಕುವುದಿಲ್ಲ. ಎಂಡ್ ಝೋನ್ ಕಾಯುವುದೇ ಡಿಫೆನ್ಸ್‌ನ ಕೆಲಸ, ಅಲ್ಲಿಗೆ ಚೆಂಡು ಚಾಚುವವರು ಅಪಾಯವನ್ನೂ ಹೊರಬೇಕು ಅನ್ನುತ್ತಾರೆ. 1978ರಲ್ಲಿ ಸ್ಯಾನ್ ಡಿಯಾಗೋದಲ್ಲಿ ರೈಡರ್ಸ್ ಆಟಗಾರರು ಕೆಳಗೆ ಬಿದ್ದ ಚೆಂಡನ್ನು ಮುಂದೆ ಮುಂದೆ ತಳ್ಳಿಕೊಂಡೇ ಹೋಗಿ, ಕೊನೇ ಗಳಿಗೆಯಲ್ಲಿ ಎಂಡ್ ಝೋನ್‌ನಲ್ಲಿ ಅದನ್ನು ಹಿಡಿದು ಟಚ್‌ಡೌನ್ (6 ಅಂಕ) ಮಾಡಿ 21-20ರಲ್ಲಿ ಗೆದ್ದಿದ್ದರು. ಅಂಥ ಆಟಕ್ಕೆ ದಾರಿ ಬಿಡಬಾರದು, ಒಪ್ಪುತ್ತೇನೆ.

ಅದಕ್ಕೇ ಚೆಂಡನ್ನು ಸುಲಭವಾಗಿ ವಾಪಸ್ ಕೊಡಿ ಅಂತ ಕೇಳುತ್ತಿಲ್ಲ. 20 ಯಾರ್ಡ್ ಹಿಂದಕ್ಕೆ ಕಳಿಸಿ. ಒಂದು ಡೌನ್ (ಚೆಂಡನ್ನು ಮುಂದೊಯ್ಯಲು ಸಿಗುವ ನಾಲ್ಕು ಅವಕಾಶಗಳಲ್ಲಿ ಒಂದು) ಕೂಡ ಕಳೆಯಿರಿ. ಅದೇ ದೊಡ್ಡ ಶಿಕ್ಷೆ. ಆದರೆ ಎದುರಾಳಿಗೆ ಚೆಂಡು ಸಿಗಬೇಕಾದರೆ ಅವರು ಅದರ ಮೇಲೆ ಬಿದ್ದು ಹಿಡಿಯಲಿ. ಹಿಡಿದರೆ ನಾನೇ ಚಪ್ಪಾಳೆ ತಟ್ಟುತ್ತೇನೆ.

ನಿಯಮ ಬದಲಾಗಬೇಕಾದರೆ 32 ತಂಡಗಳಲ್ಲಿ 24 ತಂಡಗಳ ಮಾಲೀಕರು ಕೈ ಎತ್ತಬೇಕು. ಇಂಥ ಒಂದು ಆಟದಿಂದ ಸೀಸನ್ ಕಳೆದುಕೊಂಡ ತಂಡಗಳಾದರೂ ಮೊದಲು ಎತ್ತಲಿ.