ಅಜ್ಜನ ದುನಾಲಿ ಬಂದೂಕಿನ ಸಡಿಲ ನಳಿಗೆ

ಕೇಳಿಸ್ತಾ? ಟಕ್... ಟಕ್. ಇನ್ನೊಮ್ಮೆ ಕೇಳಿ. ಮುಚ್ಚಿದ ಬಂದೂಕಿನಿಂದ ಈ ಸದ್ದು ಬರಲೇಬಾರದು.

ಇದು ನಮ್ಮ ಅಜ್ಜನ ದುನಾಲಿ. 12 ಬೋರ್, ಪಕ್ಕಪಕ್ಕ ಎರಡು ನಳಿಗೆ. ನಮ್ಮ ಹೊಲ ಆಳಂದ ಕಡೆ. ತೊಗರಿ ಕಾಯಿ ಕಟ್ಟುವ ದಿನಗಳಲ್ಲಿ ಅಜ್ಜ ರಾತ್ರಿ ಮಂಚಿಕೆ ಮೇಲೆ ಇದನ್ನು ತೊಡೆ ಮೇಲಿಟ್ಟುಕೊಂಡು ಕೂರುತ್ತಿದ್ದರು. ಒಂದು ಬಾರ್ ಮಾಡಿದರೆ ಸಾಕು, ಹಂದಿ ಹಿಂಡು ಹೊಲ ಬಿಟ್ಟು ಓಡುತ್ತಿತ್ತು. ಅಜ್ಜ ಹೋದ ಮೇಲೆ ಬಂದೂಕು ಬಹಳ ದಿನ ಠಾಣೆಯಲ್ಲೇ ಡಿಪಾಸಿಟ್ ಇತ್ತು. ಅಪ್ಪನ ಹೆಸರಿಗೆ ಲೈಸೆನ್ಸ್ ಬಂದ ಮೇಲೆ ಮನೆಗೆ ಬಂತು. ಬಂದ ದಿನವೇ ನಾನು ಈ ಟಕ್ ಕೇಳಿದ್ದು.

ಇವತ್ತು ಕಲಬುರಗಿಗೆ ಬಂದಿದ್ದೇವೆ. ಅಪ್ಪ ಜೊತೆಗಿದ್ದಾರೆ, ಲೈಸೆನ್ಸ್ ಪುಸ್ತಕ ಅವರ ಜೇಬಲ್ಲಿದೆ. ಬಂದೂಕು ರಿಪೇರಿ ಮಾಡುವವರಿಗೂ ಲೈಸೆನ್ಸ್ ಇರಲೇಬೇಕು. 1959ರ ಆಯುಧ ಕಾಯ್ದೆ ಹಾಗೆ ಹೇಳುತ್ತದೆ. ಊರಿನ ವೆಲ್ಡಿಂಗ್ ಅಂಗಡಿಗೆ ಒಯ್ಯುವ ಮಾತೇ ಇಲ್ಲ.

ರಿಪೇರಿ ಮಾಡುವ ಉಸ್ತಾದರು ಮೊದಲು ಬಂದೂಕನ್ನು ಮುರಿದು, ಅಂದರೆ ನಡುವಿನ ಕೀಲಿನ ಮೇಲೆ ಬಗ್ಗಿಸಿ ತೆರೆದು, ಎರಡೂ ನಳಿಗೆ ಖಾಲಿ ಇವೆಯಾ ಅಂತ ನೋಡಿದರು. ನೋಡಿದ್ದು ಸಾಲದು ಅಂತ ಬೆರಳು ಹಾಕಿಯೂ ನೋಡಿದರು. ಆಮೇಲೆ ನಳಿಗೆ ಕೆಳಗಿನ ಕಟ್ಟಿಗೆ, ಅಂದರೆ ಫೋರೆಂಡ್, ಬಿಚ್ಚಿದರು. ಅದರ ಸ್ಪ್ರಿಂಗ್ ನಳಿಗೆಯನ್ನು ಹಿಂದಕ್ಕೆ ಒತ್ತಿ ಹಿಡಿದಿರುತ್ತದೆ, ಸಡಿಲ ಇದ್ದರೂ ಗೊತ್ತಾಗುವುದಿಲ್ಲ. ಕಟ್ಟಿಗೆ ತೆಗೆದು, ಬಂದೂಕು ಮುಚ್ಚಿ, ಒಂದು ಕೈಯಲ್ಲಿ ನಳಿಗೆ, ಒಂದು ಕೈಯಲ್ಲಿ ಕುಂದಾ, ಅಂದರೆ ಹಿಂದಿನ ಕಟ್ಟಿಗೆ, ಹಿಡಿದು ಅಲ್ಲಾಡಿಸಿದರು. ಮನೆಯಲ್ಲಿ ಕೇಳಿದ ಟಕ್ ಇಲ್ಲಿ ಇನ್ನೂ ಜೋರಾಗಿತ್ತು. ಟ್ಯೂಬ್‌ಲೈಟ್ ಕಡೆ ಹಿಡಿದರು. ಇಲ್ಲಿ ನೋಡಿ, ಕ್ಯಾಮೆರಾ ಹತ್ತಿರ ತರ್ತೀನಿ. ನಳಿಗೆಯ ಹಿಂದಿನ ಅಂಚಿಗೂ ಅದು ತಾಗಬೇಕಾದ ಉಕ್ಕಿನ ಗೋಡೆಗೂ ನಡುವೆ ಕೂದಲೆಳೆಯಷ್ಟು ಬೆಳಕು. ಕಂಡಿತಲ್ವಾ?

ನಮ್ಮ ಕಲಬುರಗಿ ಕೋಟೆಯೊಳಗೆ 29 ಅಡಿಯ ಬಾರಾ ಗಜಿ ತೋಪು ಇದೆಯಲ್ಲ, ಅದಕ್ಕೆ ಮದ್ದು ಬಾಯಿಂದಲೇ ತುಂಬುತ್ತಿದ್ದರು. ಅಲ್ಲಿ ಕೀಲು ಇಲ್ಲ, ಸಡಿಲವಾಗುವ ಜಾಗವೂ ಇಲ್ಲ. ಈ ಬಂದೂಕು ನಡುವೆ ಮುರಿಯುತ್ತದೆ, ಹಿಂದಿನಿಂದ ತೋಟಾ ತುಂಬಬಹುದು. ಹಾಗೆ ಮುರಿಯುವುದು ಒಂದು ದಪ್ಪ ಪಿನ್ನಿನ ಮೇಲೆ. ನಳಿಗೆ ಕೆಳಗಿನ ಕೊಕ್ಕೆ ಆ ಪಿನ್ನನ್ನು ತಬ್ಬಿಕೊಂಡಿರುತ್ತದೆ. ಗುಂಡು ಹಾರಿದಾಗೆಲ್ಲ ಕೊಕ್ಕೆ ಪಿನ್ನನ್ನು ಜಗ್ಗುತ್ತದೆ. ಎಣ್ಣೆ ಒಣಗಿ, ಹೊಲದ ಧೂಳು ಸೇರಿ, ವರ್ಷಗಟ್ಟಲೆ ತಿಕ್ಕಿ ತಿಕ್ಕಿ ಎರಡೂ ಸವೆಯುತ್ತವೆ.

ಕೊಕ್ಕೆ ಒರೆಸಿದಾಗ ಒಂದು ವಿಷಯ ಗೊತ್ತಾಯಿತು. ಒಳಗೆ ತೆಳು ತಗಡಿನ ಚೂರು, ಬೆಸುಗೆ ಹಾಕಿ ಅಂಟಿಸಿದ್ದು. ಯಾವಾಗ, ಯಾರು ಹಾಕಿದರೋ, ಅಪ್ಪನಿಗೂ ಗೊತ್ತಿಲ್ಲ. ಉಸ್ತಾದರು ಉಗುರಿನಿಂದ ಕೆರೆದರೆ ಎದ್ದು ಬಂತು.

"ಗೌಡ್ರೇ, ಇದು ನಾಲ್ಕು ದಿನದ ಮಾತ್ ನೋಡ್ರಿ. ತಗಡ ಚಪ್ಪಟಿ ಆಗ್ತದ, ನಳಿಗಿ ಮತ್ ಸಡ್ಲ ಆಗ್ತದ."

ಕೆಲವರು ಕೊಕ್ಕೆಯನ್ನೇ ಸುತ್ತಿಗೆಯಿಂದ ಬಡಿದು ಉಬ್ಬಿಸುತ್ತಾರಂತೆ. ಅದೂ ಅಷ್ಟೇ. ನನಗೆ ನಿಜವಾಗಿ ಸಿಟ್ಟು ಬಂತು. ಅಜ್ಜ ಈ ತಗಡನ್ನು ನಂಬಿ ಕೆನ್ನೆಗೆ ಕುಂದಾ ಒತ್ತಿಕೊಂಡಿದ್ದರಲ್ಲ.

ರಿಪೇರಿಗೆ ಎರಡು ದಾರಿ. ಕೊಕ್ಕೆಗೆ ಟಿಗ್ ವೆಲ್ಡಿಂಗ್‌ನಲ್ಲಿ ಉಕ್ಕು ತುಂಬಿ ಅರದಿಂದ ತಿದ್ದುವುದು ಒಂದು. ಆದರೆ ಎರಡು ನಳಿಗೆಯನ್ನು ಕೂಡಿಸುವ ಪಟ್ಟಿ ಬೆಸುಗೆಯ ಮೇಲೆ ನಿಂತಿದೆ, ಕಾವು ಜಾಸ್ತಿಯಾದರೆ ಅದೇ ಬಿಟ್ಟುಕೊಳ್ಳುತ್ತದೆ. ಇನ್ನೊಂದು, ಹಳೆ ಪಿನ್ನು ತೆಗೆದು ತುಸು ದಪ್ಪದ ಹೊಸ ಪಿನ್ನು ಕೂಡಿಸುವುದು. ಪಿನ್ನು ದಪ್ಪವಾದಷ್ಟು ನಳಿಗೆ ಹಿಂದಕ್ಕೆ ಸರಿದು ಗೋಡೆಗೆ ತಾಗುತ್ತದೆ. ನಮ್ಮದಕ್ಕೆ ಎರಡನೆಯದೇ ಸರಿ ಅಂದರು. ಲೇಥ್‌ನಲ್ಲಿ ಪಿನ್ನು ಕಡೆದು, ತೂತನ್ನು ಅದಕ್ಕೆ ತಕ್ಕಂತೆ ರೀಮರ್ ಹಾಕಿ ಹಿಗ್ಗಿಸಿದರು.

ನನಗೆ ಬಹಳ ಇಷ್ಟವಾಗಿದ್ದು ಮುಂದಿನ ಕೆಲಸ. ಹೊಸ ಪಿನ್ನಿನ ಮೇಲೆ ಬಂದೂಕು ಮೊದಲಿಗೆ ಮುಚ್ಚಲೇ ಇಲ್ಲ. ಉಸ್ತಾದರು ಸೀಮೆಎಣ್ಣೆ ಚಿಮಣಿ ಹಚ್ಚಿ, ಪಿನ್ನಿಗೂ ಗೋಡೆಗೂ ಮಸಿ ಹಿಡಿಸಿದರು. ಮೆಲ್ಲಗೆ ಮುಚ್ಚಿ, ತೆಗೆದರು. ಕೊಕ್ಕೆಯ ಮೇಲೆ ಒಂದೇ ಕಡೆ ಕಪ್ಪು ಚುಕ್ಕೆ. ಅಂದರೆ ಅಲ್ಲಿ ಮಾತ್ರ ತಾಗುತ್ತಿದೆ. ಆ ಚುಕ್ಕೆಯ ಮೇಲೆ ಸಣ್ಣ ಅರವನ್ನು ಎರಡೇ ಸಲ ಎಳೆದರು. ಮತ್ತೆ ಮಸಿ, ಮತ್ತೆ ಮುಚ್ಚು, ಮತ್ತೆ ನೋಡು. ಎಷ್ಟು ಸಲ ಅಂತ ನಾನು ಎಣಿಸಲಿಲ್ಲ, ಚಹಾ ಎರಡು ಸಲ ಬಂತು. ಕೊನೆಗೆ ಕೊಕ್ಕೆ ತುಂಬ ಮಸಿ, ಎರಡೂ ನಳಿಗೆಯ ಹಿಂದಿನ ಅಂಚಿನಲ್ಲೂ ಸಮನಾಗಿ ಮಸಿ.

"ಗಡಬಡ ಮಾಡಬಾರ್ದು ತಮ್ಮಾ. ತಗದದ್ ಉಕ್ಕು ಮತ್ ಹಚ್ಚಾಕ ಬರಂಗಿಲ್ಲ."

ನಳಿಗೆ ಹಿಂದೆ ಸರಿದ ಮೇಲೆ ನಳಿಗೆಯನ್ನು ಮುಚ್ಚಿ ಹಿಡಿಯುವ ಬೀಗದ ನಾಲಿಗೆ ತನ್ನ ಕಚ್ಚಿನಲ್ಲಿ ಪೂರ್ತಿ ಕೂರುತ್ತದಾ ಅಂತಲೂ ನೋಡಬೇಕು. ಬಂದೂಕು ತೆರೆಯುವ ಮೇಲಿನ ಲಿವರ್ ಸ್ವಲ್ಪ ಬಲಕ್ಕೆ ನಿಂತರೆ ಬೀಗ ಇನ್ನೂ ಸವೆದಿಲ್ಲ ಅಂತ ಅರ್ಥ. ನಮ್ಮದು ಬಲಕ್ಕೇ ನಿಂತಿದೆ.

ಇನ್ನೊಂದು ಮಾತು, ಅಪ್ಪನಿಗೂ ಇವತ್ತೇ ಗೊತ್ತಾಗಿದ್ದು. ಈ ಹಳೆ ಬಂದೂಕಿನ ಚೇಂಬರ್, ಅಂದರೆ ತೋಟಾ ಕೂರುವ ಜಾಗ, ಎರಡೂವರೆ ಇಂಚಿನದು. ಎರಡೂಮುಕ್ಕಾಲು ಇಂಚಿನ, ಅಂದರೆ 70 ಮಿಲಿಮೀಟರ್ ತೋಟಾ ಸಲೀಸಾಗಿ ಒಳಗೆ ಹೋಗುತ್ತದೆ, ಏಕೆಂದರೆ ಅದರ ಬಾಯಿ ಮಡಚಿರುತ್ತದೆ. ಹಾರಿಸಿದಾಗ ಬಾಯಿ ಬಿಚ್ಚಿ ನಳಿಗೆ ಇಕ್ಕಟ್ಟಾಗುವ ಜಾಗದಲ್ಲಿ ಸಿಕ್ಕಿಕೊಳ್ಳುತ್ತದೆ, ಒತ್ತಡ ಏರುತ್ತದೆ. ಒಳಗೆ ಹೋಯಿತು ಅಂತ ಹಾರಿಸಬೇಡಿ. ಡಬ್ಬಿಯ ಮೇಲಿನ ಅಳತೆ ಓದಿ, ಬಂದೂಕಿನ ಚೇಂಬರ್ ಅಳೆಸಿ.

ಸಂಜೆ ಆರಾಯಿತು. ಅಪ್ಪ ಕಟ್ಟಿಗೆ ಬಿಚ್ಚಿದ ಬಂದೂಕನ್ನು ತಾವೇ ಟ್ಯೂಬ್‌ಲೈಟ್ ಕಡೆ ಹಿಡಿದರು. ಬೆಳಕಿನ ಗೆರೆ ಇಲ್ಲ. ಅಲ್ಲಾಡಿಸಿದರು. ಸದ್ದಿಲ್ಲ. ಇನ್ನೊಮ್ಮೆ ಅಲ್ಲಾಡಿಸಿದರು.

ಉಸ್ತಾದರು ಹಳೆ ಪಿನ್ನನ್ನೂ ಆ ತಗಡಿನ ಚೂರನ್ನೂ ಪೇಪರಿನಲ್ಲಿ ಸುತ್ತಿ ಕೊಟ್ಟರು. ಅಪ್ಪ ಅದನ್ನು ಲೈಸೆನ್ಸ್ ಪುಸ್ತಕದ ಜೊತೆ ಜೇಬಿಗೆ ಹಾಕಿಕೊಂಡರು.